ಒಂದು ಬೈಗುಳ, ಒಂದು ಬೆದರಿಕೆ

ಕೊರೋನಾ ಗಲಾಟೆಯೆಲ್ಲ ತಣ್ಣಗಾದ ಮೇಲಿನ ಮಾತು. ನಾನಾಗ ಕರ್ನಾಟಕದ ಗಡಿಗೆ ಅಂಟಿದ, ತಮಿಳುನಾಡಿಗೆ ಸೇರಿದ ತಾಳವಾಡಿ ಸೀಮೆಯ ಒಂದು ಪೊಲೀಸ್ ಠಾಣೆಯಲ್ಲಿ ಎಸ್.ಎಸ್.ಐ., ಅಂದರೆ ವಿಶೇಷ ಸಬ್ ಇನ್‌ಸ್ಪೆಕ್ಟರ್. ಪರೀಕ್ಷೆ ಬರೆದು ನೇರವಾಗಿ ಬರುವ ಎಸ್.ಐ. ಬೇರೆ, ಕಾನ್‌ಸ್ಟೇಬಲ್ ಆಗಿ ಸೇರಿ ವರ್ಷಗಟ್ಟಲೆ ಬೂಟು ಸವೆಸಿದವರಿಗೆ ತಮಿಳುನಾಡಿನಲ್ಲಿ ಸಿಗುವ ಹುದ್ದೆ ಇದು. ನಿವೃತ್ತಿ ಹತ್ತಿರ ಬಂದಿತ್ತು. ನಾನು ಅಲ್ಲೇ ಹತ್ತಿರದ ತಿಗನಾರೆಯವನು, ಮನೆಮಾತು ಕನ್ನಡ. ಇನ್‌ಸ್ಪೆಕ್ಟರ್ ಘಾಟಿಯ ಕೆಳಗಿನ ತಮಿಳು ಸೀಮೆಯಿಂದ ಬಂದವರು, ಕನ್ನಡ ತಿಳಿಯದು. ಜನ ಕನ್ನಡದಲ್ಲಿ ಅತ್ತದ್ದನ್ನು ತಮಿಳಿನಲ್ಲಿ ಬರೆಯುವುದೇ ನನ್ನ ಅರ್ಧ ಕೆಲಸವಾಗಿತ್ತು.

ಆ ವರ್ಷ ದೀಪಾವಳಿಗೆ ಸ್ವಲ್ಪ ಮುಂಚೆ ಟೈಲರ್ ಅಮೀರ್ ಸಾಬ್ರು ಠಾಣೆಗೆ ಬಂದರು. ಪೇಟೆ ಬೀದಿಯಲ್ಲಿ ಅವರದು ಹಳೇ ಅಂಗಡಿ. ನಮ್ಮ ಖಾಕಿ ಬಟ್ಟೆಯೂ ಅವರ ಮಿಷಿನ್ನಿನಲ್ಲೇ ಹೊಲಿದದ್ದು. ಧರ್ಮ ಕಾಯುತ್ತೇವೆಂದು ಹೇಳಿಕೊಳ್ಳುವ ಒಂದು ಸಂಘದ ಅಧ್ಯಕ್ಷ ಹಿಂದಿನ ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಮೈಕ್ ಹಿಡಿದು, ಸಾಬರು ಬೀದಿ ಖಾಲಿ ಮಾಡದಿದ್ದರೆ ಅಂಗಡಿಗಳನ್ನು ಒಳಗಿದ್ದವರ ಸಮೇತ ಸುಡುತ್ತೇವೆ ಎಂದಿದ್ದ. ಅಮೀರ್ ಸಾಬ್ರ ಹೆಸರನ್ನೂ ಕೂಗಿ ಹೇಳಿದ್ದ. ಇನ್‌ಸ್ಪೆಕ್ಟರ್ ದೂರು ತೆಗೆದುಕೊಂಡು ಸಿ.ಎಸ್.ಆರ್. ಕೊಡಿಸಿದರು. ಅದು ದೂರು ಬಂದಿದೆ ಎಂಬುದಕ್ಕೆ ಒಂದು ರಸೀದಿ, ಅಷ್ಟೇ. ಎಫ್.ಐ.ಆರ್. ಆದರೆ ಮಾತ್ರ ಕೇಸು. ಮೇಲಿನವರನ್ನು ಕೇಳಿ ನೋಡೋಣ ಎಂದರು. ಮೇಲಿನವರು ತುಟಿ ಬಿಚ್ಚಲಿಲ್ಲ.

ಅಮೀರ್ ಸಾಬ್ರು ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಠಾಣೆಯ ಬಾಗಿಲಿಗೆ ಬಂದು ನನ್ನ ಮುಖ ನೋಡಿ ಹೋಗುತ್ತಿದ್ದರು. ಏನೂ ಕೇಳುತ್ತಿರಲಿಲ್ಲ. ಕೆಲವು ದಿನವಾದ ಮೇಲೆ ಅವರು ಬರುವ ಹೊತ್ತಿಗೆ ನಾನೇ ಎದ್ದು ಹಿಂದಿನ ಅಂಗಳಕ್ಕೆ ಹೋಗಿ ನಿಲ್ಲುತ್ತಿದ್ದೆ.

ಅಷ್ಟರಲ್ಲಿ ದೀಪಾವಳಿ ಮುಗಿದು ಸಗಣಿ ಹಬ್ಬ ಬಂತು. ಗುಮಟಾಪುರದ್ದು ಹೆಸರುವಾಸಿ, ಅಂಥದ್ದೇ ಸಣ್ಣ ಹಬ್ಬ ಇನ್ನೊಂದು ಊರಲ್ಲೂ ಇದೆ, ಊರಿನ ಹೆಸರು ಬೇಡ. ಗಂಡಸರು ಸಗಣಿ ಉಂಡೆಯಲ್ಲಿ ಹೊಡೆದಾಡುವ ಮುಂಚೆ ಒಬ್ಬನಿಗೆ ಹುಲ್ಲಿನ ಗಡ್ಡಮೀಸೆ ಕಟ್ಟಿ ಕತ್ತೆಯ ಮೇಲೆ ಕೂರಿಸುತ್ತಾರೆ. ಅವನು ಚಾಡಿಕೋರ. ಊರಿನವರು ಅವನನ್ನು ಬಾಯಿಗೆ ಬಂದಂತೆ ಬೈಯಬೇಕು. ವರ್ಷವಿಡೀ ನುಂಗಿಕೊಂಡದ್ದೆಲ್ಲ ಅವತ್ತು ಹೊರಗೆ ಬರಬೇಕು. ಬೈಯದಿದ್ದರೆ ದೇವರ ಕೆಲಸದಲ್ಲಿ ಕೊರತೆ ಮಾಡಿದಂತೆ. ಕೆರೆಯಲ್ಲಿ ಮಿಂದ ಮೇಲೆ ಯಾರೂ ಯಾವ ಮಾತನ್ನೂ ಮನೆಗೆ ಒಯ್ಯುವಂತಿಲ್ಲ.

ಆ ಊರಿನ ಮಾದೇವ ಗೂಡ್ಸ್ ಆಟೊದಲ್ಲಿ ತರಕಾರಿ ಸಾಗಿಸುವವನು, ಬಾಯಿ ಸ್ವಲ್ಪ ಜೋರು. ಅವನ ಸರದಿ ಬಂದಾಗ ಕತ್ತೆಯ ಮುಂದೆ ನಿಂತು ಸೊಂಟಕ್ಕೆ ಕೈಕೊಟ್ಟು ಕೂಗಿದ: “ಲೇ ಚಾಡಿಕೋರ, ಮೈಕ್ ಇಡ್ಕಂಡು ಸಾಬ್ರ ಅಂಗ್ಡಿ ಸುಡ್ತೀನಿ ಅಂದಂವ ನೀನೇ ಏನ್ಲಾ? ಮೊದ್ಲು ನಿಮ್ಮನೆ ಒಲೆ ಅಚ್ಲಾ!”

ಮುಂದಿನದನ್ನು ಬರೆಯುವಂತಿಲ್ಲ. ಜನ ಬಿದ್ದು ಬಿದ್ದು ನಕ್ಕರು. ಯಾರೋ ಅದನ್ನು ಫೋನಿನಲ್ಲಿ ಹಿಡಿದು ಊರೆಲ್ಲ ಹಂಚಿದರು. ಮೈಮೇಲಿನ ಸಗಣಿ ಕೆರೆಯಲ್ಲಿ ಹೋಯಿತು, ಫೋನಿನಲ್ಲಿದ್ದ ಮಾತು ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಅಧ್ಯಕ್ಷ ಹತ್ತು ಹನ್ನೆರಡು ಜನರೊಂದಿಗೆ ಠಾಣೆಗೆ ಬಂದ. ಮಾದೇವ ದೇವರ ಹಬ್ಬದಲ್ಲಿ ಅಶ್ಲೀಲ ಮಾತಾಡಿ ಭಕ್ತರ ಭಾವನೆಗೆ ನೋವು ಮಾಡಿದ್ದಾನೆ ಎಂದು ದೂರು. ಈ ಸಲ ಮೇಲಿನವರ ಫೋನು ತಾನಾಗಿಯೇ ಬಂತು. ಮಧ್ಯಾಹ್ನದ ಊಟದ ಹೊತ್ತಿಗೆ ಮಾದೇವ ನಮ್ಮ ಬೆಂಚಿನ ಮೇಲಿದ್ದ. ಕರೆತಂದವನು ನಾನೇ. ದಾರಿಯುದ್ದಕ್ಕೂ ಅವನಿಗೆ ಒಂದೇ ಚಿಂತೆ. ತಾಯಿಗೆ ಕಿಡ್ನಿ ತೊಂದರೆ, ಡಯಾಲಿಸಿಸ್‌ಗೆ ಚಾಮರಾಜನಗರಕ್ಕೆ ಕರೆದೊಯ್ಯಬೇಕು, ಮರುದಿನವೇ ಸರದಿ. ಇವನು ಬಿಟ್ಟರೆ ಬೇರೆ ದಿಕ್ಕಿಲ್ಲ. ಎಫ್.ಐ.ಆರ್. ಆಗಿ ರಿಮಾಂಡ್ ಆದರೆ ಜೈಲು.

“ವಿಡಿಯೊದಲ್ಲಿರುವುದು ನೀನೇನಾ, ಬೈದೆಯಾ?” ಎಂದು ಇನ್‌ಸ್ಪೆಕ್ಟರ್ ತಮಿಳಿನಲ್ಲಿ ಕೇಳಿದರು. ನಾನು ಕನ್ನಡದಲ್ಲಿ ಅದನ್ನೇ ಕೇಳಿ, “ಯೋಚ್ನೆ ಮಾಡಿ ಯೋಳು” ಎಂದು ಕಣ್ಣಿನಲ್ಲೇ ಸನ್ನೆ ಮಾಡಿದೆ.

ಅವನಿಗೆ ಸನ್ನೆ ಹಿಡಿಸಲಿಲ್ಲ. “ಬೋದೆ ಸಾ. ಚೆನ್ನಾಗೇ ಬೋದೆ. ಬೋಯ್ನಿಲ್ಲ ಅಂತ ಸುಳ್ಯೋಳುದ್ರೆ ದ್ಯಾವ್ರು ಮೆಚ್ತನ?” ಎಂದ. ಅವನನ್ನು ಬಿಡಿಸಲು ಬಂದಿದ್ದ ಊರ ಯಜಮಾನರಂತೂ ಇನ್ನೂ ಹೆಮ್ಮೆಯಿಂದ, “ಈ ಸಲ ಇವ್ನಷ್ಟು ಚೆಂದಾಗಿ ಇನ್ಯಾರೂ ಬೋಯ್ನಿಲ್ಲ ಸಾಮಿ” ಎಂದು ಸಾಕ್ಷಿ ಹೇಳಿದರು. ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಇನ್‌ಸ್ಪೆಕ್ಟರಿಗೆ ಇದು ಹರಕೆಯಂಥ ಮಾತು ಎಂದು ಬಿಡಿಸಿ ಹೇಳಿದೆ. ಅವರಿಗೆ ಕೇಳಿಸಿದ್ದು ತಪ್ಪೊಪ್ಪಿಗೆ ಮಾತ್ರ.

“ಸಾರ್, ಹಾಗಾದರೆ ಅಮೀರ್ ಸಾಬ್ರ ದೂರು?” ಎಂದೆ. ದನಿ ಏರಿತ್ತು. ಹೊರಗಿದ್ದ ಸಂಘದ ಹುಡುಗರು ತಕ್ಷಣ ಕೂಗಿದರು: ನಮ್ಮ ಮೆರವಣಿಗೆಗೆ ಕಲ್ಲು ಬಿದ್ದಾಗ ನೀವೆಲ್ಲಿ ಹೋಗಿದ್ದಿರಿ, ನಮಗೊಂದು ಕಾನೂನು ಅವರಿಗೊಂದಾ? ಅವರ ಆ ಹಳೇ ದೂರೂ ರಸೀದಿಯಾಗಿಯೇ ಉಳಿದಿತ್ತು, ಅದೂ ನಿಜ. ಠಾಣೆಗೆ ಬಂದ ಎಲ್ಲರ ಕಣ್ಣಿಗೂ ಪೊಲೀಸರಾದ ನಾವು ಎದುರಿನವರ ಕಡೆಯವರಾಗಿದ್ದೆವು.

ಇನ್‌ಸ್ಪೆಕ್ಟರ್ ಕೆಟ್ಟ ಮನುಷ್ಯರಲ್ಲ. ಊರು ಹತ್ತಿಕೊಳ್ಳಬಾರದು, ಮೇಲಿನವರು ಬೈಯಬಾರದು, ಅಷ್ಟೇ ಅವರಿಗೆ ಬೇಕಾದದ್ದು. ಅಮೀರ್ ಸಾಬ್ರನ್ನೂ ಕರೆಸಿ ರಾಜಿಯ ದಾರಿ ತೋರಿಸಿದರು: ಟೈಲರ್ ತನ್ನ ದೂರು ವಾಪಸ್ ಪಡೆದರೆ ಅಧ್ಯಕ್ಷನೂ ಪಡೆಯುತ್ತಾನೆ, ಲೆಕ್ಕ ಸಮ.

“ಸಮ ಹೇಗಾಗುತ್ತದೆ ಸಾರ್? ಒಂದು ಗೇಲಿ, ಇನ್ನೊಂದು ಜೀವ ಬೆದರಿಕೆ” ಎಂದೆ.

“ಎರಡೂ ಬರೀ ಮಾತೇ ಅಲ್ಲವೇ?” ಎಂದರು.

ಮಾದೇವ ಬೆಂಚಿನಿಂದ ಎದ್ದುನಿಂತ. “ಬ್ಯಾಡಿ ಸಾಬ್ರೆ. ನಾ ಜೈಲ್ಗೇ ಓಯ್ತೀನಿ. ನನ್ಗೋಸ್ಕರ ನೀವು ವಾಪಸ್ ತಗಬ್ಯಾಡಿ.”

ಅಮೀರ್ ಸಾಬ್ರು ಅವನ ಹೆಗಲ ಮೇಲೆ ಕೈಯಿಟ್ಟರು. “ನಾಳೆ ನಿಮ್ಮವ್ವುನ್ನ ಯಾರು ಕರ್ಕೊಂಡು ಓಯ್ತಾರೆ ಮಗ?” ಎಂದರು. ಮಾದೇವ ಮತ್ತೆ ಕೂತುಬಿಟ್ಟ.

ಎರಡು ರಾಜಿಪತ್ರಗಳನ್ನು ತಮಿಳಿನಲ್ಲಿ ಬರೆದವನು ನಾನು, ಕನ್ನಡದಲ್ಲಿ ಓದಿ ಹೇಳಿದವನೂ ನಾನು. ಅಧ್ಯಕ್ಷ ನಗುತ್ತಾ ಸಹಿ ಹಾಕಿದ. ಅಮೀರ್ ಸಾಬ್ರು ಸಹಿ ಹಾಕಿ ಪೆನ್ನನ್ನು ಮೇಜಿನ ಮೇಲಿಟ್ಟು, ಇನ್‌ಸ್ಪೆಕ್ಟರನ್ನಲ್ಲ, ನನ್ನನ್ನು ಕೇಳಿದರು: “ನಾಳೆ ಇವ್ರು ಮತ್ತೆ ಅಂಗೇ ಮೈಕಲ್ಲಿ ಅಂದ್ರೆ, ನಾ ಬರ್ಬೋದಾ ಸಾ ಇಲ್ಗೆ? ಇಲ್ಲಾ, ಅದೂ ಬರೀ ಮಾತು ಅಂತೀರಾ?”

“ಅವರೇನು ಕೇಳಿದರು?” ಎಂದರು ಇನ್‌ಸ್ಪೆಕ್ಟರ್. ಏನಿಲ್ಲ ಸಾರ್ ಎಂದುಬಿಟ್ಟೆ.

ಮಾದೇವ ಮರುದಿನ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ದ. ಆ ತಿಂಗಳ ವರದಿಯಲ್ಲಿ ಕೋಮು ಪ್ರಕರಣದ ಎದುರು ‘ಇಲ್ಲ’ ಎಂದು ಬರೆದು ಕಳುಹಿಸಿದೆವು. ಮೇಲಿನವರಿಂದ ಶಹಬ್ಬಾಸ್ ಬಂತು. ಅಂಗಡಿಯನ್ನು ಯಾರೂ ಸುಡಲಿಲ್ಲ. ಆದರೆ ಅಮೀರ್ ಸಾಬ್ರು ಹೊತ್ತು ಮುಳುಗುವಾಗಿನ ಮಗ್ರಿಬ್ ನಮಾಜಿಗೆ ಮುಂಚೆಯೇ ಬಾಗಿಲು ಹಾಕತೊಡಗಿದರು, ಮಗಳನ್ನು ಅಂಗಡಿಗೆ ಕರೆತರುವುದನ್ನು ನಿಲ್ಲಿಸಿದರು. ಇಂಥದ್ದನ್ನು ಬರೆಯಲು ಯಾವ ವರದಿಯಲ್ಲೂ ಜಾಗವಿಲ್ಲ.

ಇಷ್ಟು ವರ್ಷದ ಕೆಲಸ ನನಗೆ ಕಲಿಸಿದ್ದು ಇದು: ಎರಡು ದೂರನ್ನು ಒಟ್ಟಿಗೆ ಹರಿದು ಹಾಕಿದರೆ ಕಾನೂನು ಎಲ್ಲರಿಗೂ ಒಂದೇ ಆಗುವುದಿಲ್ಲ. ನಗಿಸಿದ ಮಾತು ಯಾವುದು, ನಿದ್ದೆಗೆಡಿಸಿದ ಮಾತು ಯಾವುದು ಎಂದು ಬೇರೆ ಮಾಡಿ ನೋಡಲಾಗದ ಠಾಣೆ ಯಾರ ಪಕ್ಷವನ್ನೂ ವಹಿಸುವುದಿಲ್ಲ ಎಂದು ಹೇಳಿಕೊಳ್ಳಬಾರದು. ನಾನೀಗ ತಿಗನಾರೆಯಲ್ಲಿದ್ದೇನೆ, ಪೇಟೆಗೆ ಹೋಗುತ್ತಿರುತ್ತೇನೆ. ಅಮೀರ್ ಸಾಬ್ರು ನನ್ನನ್ನು ಕಂಡರೆ ಇವತ್ತಿಗೂ ಮಿಷಿನ್ ನಿಲ್ಲಿಸಿ, ಎದ್ದುನಿಂತು ಸಲಾಮ್ ಹೇಳುತ್ತಾರೆ. ಅದೊಂದನ್ನು ತಡೆದುಕೊಳ್ಳಲು ನನ್ನಿಂದ ಆಗುವುದಿಲ್ಲ.