ಮುಂದಿನ ಸಾಲಿನ ಪೂಜಾರಿ

ಲಂಡನ್ನಿನ ಕೆಂಟನ್ ಬಡಾವಣೆಯ ಭುವನೇಶ್ವರಿಗೆ ನಾಟಕದ ಹುಚ್ಚು. ಧಾರವಾಡ ಬಿಟ್ಟು ಬಂದ ಮೇಲೆ ರೊಟ್ಟಿ ಬಡಿಯೋದು ಮರೆತಳು, ಈ ಹುಚ್ಚು ಮಾತ್ರ ಬಿಡಲಿಲ್ಲ. ಹಗಲೆಲ್ಲ ಡಾಕ್ಟರ ಕ್ಲಿನಿಕ್ಕಿನ ಕೌಂಟರಿನಲ್ಲಿ ಕೆಮ್ಮುವವರಿಗೆ ಅಪಾಯಿಂಟ್‌ಮೆಂಟ್ ಕೊಡುವುದು, ಮಂಗಳವಾರ ಸಂಜೆ ನಗರಸಭೆಯವರು ನಡೆಸುವ ಕ್ಲಾಸಿಗೆ ಓಡುವುದು. ಅಲ್ಲಿ ಹಳೇ ಗ್ರೀಕರ ನಾಟಕದ ಬಗ್ಗೆ ಹೇಳಿಕೊಡುತ್ತಿದ್ದರು.

2003ರಲ್ಲಿ ಅಲ್ಲಿನ ಕನ್ನಡಿಗರೆಲ್ಲ ಕೂಡಿ ಮಾಡುವ ಗಣೇಶನ ಹಬ್ಬಕ್ಕೆ ತಾನೇ ಒಂದು ನಗೆನಾಟಕ ಬರೆದಳು. ಗಣಪತಿ ಲಂಡನ್ನಿಗೆ ಬರುತ್ತಾನೆ, ಇಷ್ಟು ಭಾರ ಹೊರಲಾರೆ ಅಂತ ಇಲಿ ಮುಷ್ಕರ ಹೂಡುತ್ತದೆ. ಗಂಡ ಶರಣಬಸವನೇ ಗಣಪತಿ. ಹೊಟ್ಟೆಗೆ ದಿಂಬು ಕಟ್ಟುವ ಕೆಲಸವೂ ಇರಲಿಲ್ಲ. ಇಲಿ ತಾನು.

ಪೂಜೆಗೆ ಕೂಡುವವರು ಬೆಂಗಳೂರಿನ ನಾರಾಯಣಸ್ವಾಮಿ. ವಾರವಿಡೀ ಕ್ಯಾನರಿ ವಾರ್ಫಿನ ಬ್ಯಾಂಕಿನಲ್ಲಿ ಕಂಪ್ಯೂಟರು, ಹಬ್ಬದ ದಿನ ಮಡಿ. ಸುದ್ದಿ ಕೇಳಿ ಕೆಂಡವಾದರು.

"ಪೂಜೆ ದಿನ ದೇವರನ್ನೇ ಕೋಡಂಗಿ ಮಾಡ್ತೀರೇನಮ್ಮಾ?"

"ಹಂಗಲ್ರೀ ಸರ್. ಗ್ರೀಕರಿಗೆ ನಗೆನಾಟಕ ಅಂದ್ರ ದೇವರ ಹಬ್ಬದ್ದೇ ಒಂದು ಭಾಗ. ಡಯೊನೈಸಸ್ ಅಂತ ನಾಟಕದ ದೇವರು. ಅವನ ಹಬ್ಬದಾಗ ಅವನನ್ನೇ ಅಂಜುಬುರುಕನ್ನ ಮಾಡಿ ಕುಣಸ್ತಿದ್ರು. ಅವನ ಪೂಜಾರಿ ಮುಂದಿನ ಸಾಲಿನ್ಯಾಗ ಕುಂತು ನೋಡ್ತಿದ್ದ!"

"ಆ ದೇವರಿಗೆ ಈಗ ದೀಪ ಹಚ್ಚೋರು ಯಾರಿದ್ದಾರೆ? ನಕ್ಕು ನಕ್ಕೇ ಕಳ್ಕೊಂಡ್ರು."

ಬಾಯಿಬಡಕಿ ಭುವನೇಶ್ವರಿ ವಾದ ಬಿಡಲಿಲ್ಲ. ಕಡೆಗೆ ಅವರೇ ತೀರ್ಮಾನ ಕೊಟ್ಟರು: ನಾನೂ ಮುಂದಿನ ಸಾಲಿನಲ್ಲೇ ಕೂಡುತ್ತೇನೆ, ಅತಿಯಾಯಿತು ಅನಿಸಿದರೆ ಎದ್ದು ಹೋಗುತ್ತೇನೆ, ಮಂಗಳಾರತಿ ನೀವೇ ಮಾಡಿಕೊಳ್ಳಿ. ಹಬ್ಬ ಅರ್ಧಕ್ಕೆ ನಿಂತರೆ ಇವಳಿಗೆ ಇನ್ನು ನಾಟಕ ಆಡಲು ಬಿಡುವವರು ಯಾರು?

ಹಬ್ಬದ ದಿನ ಶಾಲೆಯ ಹಾಲ್ ತುಂಬಿತ್ತು. ಜನ ಬಿದ್ದು ಬಿದ್ದು ನಗುತ್ತಿದ್ದರೆ ನಾರಾಯಣಸ್ವಾಮಿಯವರ ಮುಖ ಮಾತ್ರ ಹರಳೆಣ್ಣೆ ಕುಡಿದ ಹಾಗಿತ್ತು. ಅದನ್ನು ನೋಡಿದ್ದೇ ತಡ, ಶರಣಬಸವನಿಗೆ ಮಾತೆಲ್ಲ ಮರೆತುಹೋಯಿತು. ಇಲಿ ಪೊರಕೆ ಹಿಡಿದು ಅಟ್ಟಿಸಿಕೊಂಡು ಬಂದಾಗ ಏನು ಹೇಳಬೇಕೋ ತಿಳಿಯದೆ, ಪುಣ್ಯಾತ್ಮ, ವೇದಿಕೆಯಿಂದ ಧುಮುಕಿ ಸೀದಾ ಹೋಗಿ ಅವರ ಕುರ್ಚಿಯ ಹಿಂದೆ ಅಡಗಿದ!

"ಸ್ವಾಮೀ, ಕಾಪಾಡ್ರೀ!"

ನಾರಾಯಣಸ್ವಾಮಿ ಎದ್ದು ನಿಂತರು, ಶಲ್ಯ ಸರಿಮಾಡಿಕೊಂಡರು. ಮುಗೀತು ನನ್ನ ಕತಿ, ಅಂದುಕೊಂಡಳು ಭುವನೇಶ್ವರಿ. ಅವರು ಹಿಂದಕ್ಕೆ ತಿರುಗಿ ಗಣಪತಿಗೆ ಕೈಮುಗಿದರು.

"ಹುಟ್ಟಿದಾಗಿನಿಂದ ಕಾಪಾಡಪ್ಪಾ ಅಂತ ನಿನ್ನನ್ನೇ ಬೇಡ್ಕೊಳ್ತಿದೀನಿ. ಈಗ ನೀನೇ ನನ್ನ ಹಿಂದೆ ಬಚ್ಚಿಟ್ಕೊಂಡ್ರೆ, ನಾನು ಯಾರ ಹಿಂದೆ ಹೋಗ್ಲಿ?"

ಹೇಳಿ ಮುಗಿಸುವಷ್ಟರಲ್ಲಿ ತಾವೇ ತಡೆಯಲಾರದೆ ನಕ್ಕುಬಿಟ್ಟರು. ಹಾಲಿಗೆ ಹಾಲೇ ನಕ್ಕಿತು. ಪೊರಕೆ ಹಿಡಿದ ಇಲಿ ಮಾತ್ರ ವೇದಿಕೆಯ ಮೇಲೆ ನಿಂತು, ಖುಷಿಗೆ, ಗಳಗಳ ಅತ್ತಿತು.

ಮಂಗಳಾರತಿ ಅವರೇ ಮಾಡಿದರು. ನಡುನಡುವೆ ನಗು ಉಕ್ಕಿ ಮಂತ್ರ ತಪ್ಪಿತು, ಯಾರೂ ತಿದ್ದಲಿಲ್ಲ.