ಅಡ್ಡ ಪೈಪು

ಹಾಸನದಲ್ಲಿ ಕೂತು ಸುತ್ತಲಿನ ಊರುಗಳ ಕುಡಿಯುವ ನೀರಿನ ಪೈಪುಗಳಿಗೆ ಲೆಕ್ಕ ಹಾಕುವುದು ನನ್ನ ಕೆಲಸ. ಯಾವ ಬೀದಿಗೆ ಎಷ್ಟು ದಪ್ಪದ ಪೈಪು, ಅದರಲ್ಲಿ ಎಷ್ಟು ನೀರು ಹರಿಯಬೇಕು, ದಿನವಿಡೀ ಇದೇ. ಅಕ್ಕನನ್ನು ಕೊಟ್ಟಿರುವುದು ಹೊಳೆನರಸೀಪುರಕ್ಕೆ. ಪಕ್ಕದಲ್ಲೇ ಹೇಮಾವತಿ ಹರಿಯುತ್ತಿದ್ದರೂ ಅಕ್ಕನ ಮನೆಯ ನಲ್ಲಿಯಲ್ಲಿ ಬರುತ್ತಿದ್ದುದು ಗಾಳಿ. ಮಂಡಿನೋವಿನ ಅವಳು ಬೀದಿಯ ಕೆಳಗಿನ ಮನೆಗಳ ಮುಂದೆ ಕೊಡ ಹಿಡಿದು ನಿಂತು, ಆ ಮನೆಯಾಕೆಯ ಮೂಡು ನೋಡಿಕೊಂಡು, ಬೇಕಿಲ್ಲದ ನಗೆ ನಕ್ಕು, ನೀರು ತರಬೇಕಿತ್ತು.

"ಊರೂರಿಗೆಲ್ಲ ನೀರು ಕೊಡ್ತೀನಿ ಅಂತೀಯ. ಒಡಹುಟ್ಟಿದೋಳ ಮನೇಗೆ ಕೊಡಕ್ಕಾಗ್ಲಿಲ್ವೇನ್ಲಾ?" ಎಂದು ಊಟಕ್ಕೆ ಬಡಿಸುತ್ತಲೇ ಕೇಳುವಳು. ನಾನು ತಲೆ ತಗ್ಗಿಸಿ ಇನ್ನಷ್ಟು ಸಾರು ಕೇಳುತ್ತಿದ್ದೆ.

ಕೊನೆಗೂ ಅವಳ ಬೀದಿಗೆ ಹೊಸ ಪೈಪು ಹಾಕುವ ಕೆಲಸ ನನ್ನ ಮೇಜಿಗೇ ಬಂತು. ಅವಳ ಬೀದಿಯೂ ಪಕ್ಕದ ಬೀದಿಯೂ ಏರಿನಲ್ಲಿವೆ. ಎರಡರ ಪೈಪುಗಳೂ ಮೇಲ್ತುದಿಯಲ್ಲಿ ಮುಗಿದುಹೋಗುತ್ತಿದ್ದವು. ಕೆಳಗಿನವರು ಹಿಡಿದು ಮಿಕ್ಕರೆ ಮೇಲಿನವರಿಗೆ. ಆ ಎರಡು ತುದಿಗಳನ್ನು ಒಂದು ಅಡ್ಡ ಪೈಪಿನಿಂದ ಸೇರಿಸಿದರೆ ನೀರಿಗೆ ಸುತ್ತು ದಾರಿ ಸಿಗುತ್ತದೆ, ಮೇಲ್ತುದಿಯಲ್ಲಿರುವ ಅಕ್ಕನ ಮನೆಗೆ ಎರಡೂ ಕಡೆಯಿಂದ ಬರುತ್ತದೆ. ಇದರ ಲೆಕ್ಕ ನನಗೆ ಬಹಳ ಇಷ್ಟ. ಯಾವ ಕಡೆ ಎಷ್ಟು ಹರಿಯುತ್ತದೆಂದು ಮೊದಲು ಅಂದಾಜು ಮಾಡಬೇಕು. ಎರಡು ದಾರಿಯಲ್ಲೂ ಒತ್ತಡ ಎಷ್ಟು ಇಳಿಯಿತೆಂದು ನೋಡಬೇಕು. ಸಮ ಬರದಿದ್ದರೆ ಇತ್ತಲಿಂದ ತೆಗೆದು ಅತ್ತ ಹಾಕಿ ಮತ್ತೆ ಲೆಕ್ಕ. ತಿದ್ದುತ್ತಾ ಹೋದಂತೆ ಎರಡೂ ಕಡೆ ಒಪ್ಪಂದಕ್ಕೆ ಬರುತ್ತವೆ. ನೀರಿಗೆ ಹಟವಿಲ್ಲ.

ಹಟವೆಲ್ಲ ಬೀದಿಯವರದು. ಸಭೆ ಸೇರಿಸಿ ನಕ್ಷೆ ಬಿಡಿಸಿದ್ದೇ ತಡ, ಅಕ್ಕನ ಬೀದಿಯ ಹಿರಿಯರಾದ ಮಿಲ್ಲಿನ ಯಜಮಾನರು ಎದ್ದು ನಿಂತರು.

"ಪಕ್ಕದ ಬೀದೀಗೆ ಆರಿಂಚು, ನಮಗೆ ನಾಲ್ಕಿಂಚಾ ಸಾ? ನಮ್ಮ ಬೀಗ್ರು ಅದೇ ಬೀದೀಲವ್ರೆ. ಏನಂದ್ಕತ್ತಾರೆ?"

ಮೂರಡಿ ಮಣ್ಣಿನ ಕೆಳಗಿರುವ ಪೈಪನ್ನು ಬೀಗರು ಅಳೆಯುವುದು ಹೇಗೆಂದು ನಾನು ಕೇಳಲಿಲ್ಲ. ಅಡ್ಡ ಪೈಪಿನ ಮಾತು ಬಂದಾಗಲಂತೂ "ನಮ್ಮ ನೀರೆಲ್ಲ ಅವರ ಕಡೆ ಓಯ್ತದೆ" ಎಂದು ಎರಡೂ ಬೀದಿಯವರು ಕೂಗಿದರು. ನೀರು ಏಕಕಾಲಕ್ಕೆ ಎರಡೂ ಕಡೆ ಕಳ್ಳತನವಾಗುವುದನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ರಾಜಿ ಹೀಗಾಯಿತು: ಎರಡೂ ಬೀದಿಗೆ ಆರಿಂಚು. ಅಡ್ಡ ಪೈಪು ಹಾಕುವುದು, ನಡುವೆ ಒಂದು ವಾಲ್ವ್ ಇಡುವುದು, ಅದನ್ನು ಮುಚ್ಚಿ ಗುಂಡಿಯ ಮುಚ್ಚಳಕ್ಕೆ ಎರಡು ಬೀಗ ಜಡಿಯುವುದು, ಬೀದಿಗೊಂದು ಕೀಲಿಕೈ. ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆದದ್ದೂ ಹನಿ ನೀರು ಹರಿಯದ ಆ ಪೈಪಿಗೇ. ಪೈಪು ದಪ್ಪವಾದರೂ ಕೆಳಗಿನವರು ಹಿಡಿದು ಮಿಕ್ಕರೆ ತಾನೇ ಮೇಲಕ್ಕೆ; ಅಕ್ಕ ಪ್ರಸಾದ ತಿಂದು ಕೊಡ ಎತ್ತಿಕೊಂಡು ಕೆಳಗೆ ನಡೆದಳು. ನನಗೆ ಮೈಯೆಲ್ಲ ಉರಿಯಿತು.

ಬೇಸಿಗೆಯಲ್ಲಿ ಪಕ್ಕದ ಬೀದಿಯಲ್ಲಿ ಯಾರೋ ಪಾಯ ತೆಗೆಯಲು ಜೆಸಿಬಿ ತಂದು ಕೆಳಗಿನ ಪೈಪನ್ನೇ ಒಡೆದರು. ಬೀಗರ ಮನೆಯ ಬಚ್ಚಲು ಒಣಗಿತು. ಆರಿಂಚು ಕೇಳಿದ್ದ ಯಜಮಾನರು ಕೀಲಿಕೈ ಹಿಡಿದು ಓಡಿಬಂದರು, ಪಕ್ಕದ ಬೀದಿಯವರು ತಮ್ಮದನ್ನು ತಂದರು. ವಾಲ್ವ್ ತೆರೆಯಿತು. ಪೈಪು ರಿಪೇರಿಯಾದ ಮೇಲೆ ಎರಡೂ ಬೀದಿಯ ಮೇಲ್ತುದಿಗೆ ಚೆನ್ನಾಗಿ ನೀರು ಹತ್ತತೊಡಗಿತು. ಮತ್ತೆ ಮುಚ್ಚಲು ಯಾರೂ ಬರಲಿಲ್ಲ.

ಅಕ್ಕನ ಅಡುಗೆಮನೆಯಲ್ಲಿ ನಲ್ಲಿ ಸುರಿಯುವ ಸದ್ದು ಕೇಳಿದಾಗ ನನಗೆ ಕಣ್ಣು ತುಂಬಿತು. ಅದೇ ಖುಷಿಯಲ್ಲಿ, ಅವಳ ಮನೆಯ ಹಿಂದೆ ಎದ್ದಿರುವ ಹೊಸ ಬಡಾವಣೆಗೂ ಇಲ್ಲಿಂದಲೇ ಪೈಪು ಎಳೆಯಲಿದ್ದೇವೆಂದು ಹೇಳಿದೆ.

ಅಕ್ಕನ ಮುಖ ಬಿಗಿಯಿತು. "ನಮ್ ಫೋರ್ಸು ಬಿದ್ದೋಯ್ತದೆ. ಬ್ಯಾಡ ಕಣ್ಲಾ."

"ಇಲ್ಲಕ್ಕ, ಲೆಕ್ಕ ಹಾಕಿದ್ದೀನಿ. ನಿನಗೇನೂ ಕಮ್ಮಿಯಾಗಲ್ಲ."

ಬಡಾವಣೆಯ ಹೆಂಗಸೊಬ್ಬಳು ಕೊಡ ಹಿಡಿದು ಹಿತ್ತಿಲ ಬಾಗಿಲಲ್ಲಿ ನಿಂತು ನಗುತ್ತಿದ್ದಳು. ಅಕ್ಕ ತಾನೇ ಎದ್ದು ಹೋಗಿ ಕೊಡ ತುಂಬಿಸಿ, "ನಾಳೀಕೂ ಬಾರವ್ವ" ಎಂದು ಪ್ರೀತಿಯಿಂದ ಕಳಿಸಿದಳು. ಒಳಗೆ ಬಂದು ಮೆಲ್ಲಗೆ ಅಂದಳು, "ಎಷ್ಟು ಕೊಡ ಬೇಕಾದ್ರೂ ತಗೊಂಡೋಗ್ಲಿ, ನಾನು ಬ್ಯಾಡ ಅನ್ನಲ್ಲ. ಪೈಪು ಮಾತ್ರ ಕೊಡಬ್ಯಾಡ."

"ಆಗಲೇ ಸಹಿ ಹಾಕಿಬಿಟ್ಟೆನಕ್ಕ," ಎಂದೆ.

ಆವತ್ತು ಅಕ್ಕ ನನ್ನನ್ನು ಊಟಕ್ಕೆ ಏಳು ಅನ್ನಲಿಲ್ಲ.