ಚೆನ್ನಾಗಿದ್ದವರ ತಲೆಯ ಫೋಟೊ

ನಮ್ಮ ಯಜಮಾನರು ಕಾಫಿ ಒಣಗಿಸುವ ಕಣದಲ್ಲಿ ಕಾಲು ಜಾರಿ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡದ್ದು ಎರಡು ಸಾವಿರದ ಇಸವಿ ದಾಟಿದ ಮೇಲೆ. ಆಗ ಅವರಿಗೆ ಎಪ್ಪತ್ತರ ಹತ್ತಿರ. ಬಾಳೂರಿನ ಕಡೆಯ ನಮ್ಮ ತೋಟದ ಏರು ಹತ್ತುವಾಗ ಏದುಸಿರು ಬರುತ್ತಿದ್ದದ್ದು ನನಗೇ ಹೊರತು ಅವರಿಗಲ್ಲ. ಯಾವುದಕ್ಕೂ ಇರಲಿ ಎಂದು ಮಂಗಳೂರಿಗೆ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದೆ. ಮಾಡಿಸಬಾರದಿತ್ತು ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿದೆ.

ಪೆಟ್ಟಿನಿಂದ ಏನೂ ಆಗಿರಲಿಲ್ಲ. ಆದರೆ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ಮೆದುಳಿನ ಒಳಗೆ ಅಲ್ಲಲ್ಲಿ ಬಿಳಿ ಮಚ್ಚೆ ತೋರಿಸಿದರು. ಮೆದುಳಿನ ಒಂದು ಭಾಗದಿಂದ ಇನ್ನೊಂದಕ್ಕೆ ಸುದ್ದಿ ಒಯ್ಯುವ ಎಳೆಗಳು ವಯಸ್ಸಾದಂತೆ ಹೀಗೆ ಸವೆಯುತ್ತವಂತೆ. ರಕ್ತನಾಳಗಳ ಪಕ್ಕ ನೀರು ಬಸಿದು ಹೋಗುವ ಸಂದುಗಳೂ ಸ್ವಲ್ಪ ಅಗಲವಾಗಿದ್ದವು. ನೀರು ಬಸಿಯದೆ ಮಚ್ಚೆ ಬಂತೋ, ಮಚ್ಚೆ ಬಂದು ನೀರು ನಿಂತಿತೋ ಎಂದು ಕೇಳಿದೆ.

"ಅದು ನಮಗೂ ಸರಿಯಾಗಿ ಗೊತ್ತಿಲ್ಲಮ್ಮ. ಆರೋಗ್ಯವಾಗಿರೋ ಎಷ್ಟೋ ಜನಕ್ಕೆ ಈ ವಯಸ್ಸಲ್ಲಿ ಇರುತ್ತೆ," ಎಂದರು.

ಆರೋಗ್ಯವಾಗಿದ್ದರೆ ಇದೇಕೆ? ಇದಿದ್ದರೆ ಆರೋಗ್ಯ ಹೇಗೆ? ನನಗೆ ತಲೆ ಚಿಟ್ಟು ಹಿಡಿಯಿತು.

ಯಜಮಾನರಿಗೆ ಗೊಂದಲವೇ ಇರಲಿಲ್ಲ. ಬೋರರ್ ಹುಳು ಕಾಫಿ ಗಿಡದ ಕಾಂಡವನ್ನು ಒಳಗೊಳಗೇ ಕೊರೆಯುತ್ತಿದ್ದರೂ ಹೊರಗೆ ಎಲೆ ಹಸಿರಾಗಿಯೇ ಇರುತ್ತದೆ. ಕಾಂಡದ ಮೇಲೆ ಒಂದು ಉಬ್ಬುಗೆರೆ ಕಂಡರೆ ಸಾಕು, ಫಸಲು ತುಂಬಿದ್ದರೂ ಕೀಳಿಸಿ ಸುಡಿಸುತ್ತಿದ್ದರು. ಬಿಟ್ಟರೆ ಹುಳು ಪಕ್ಕದ ಗಿಡಗಳಿಗೂ ಹೋಗುತ್ತದೆ. ಈ ವಿಷಯದಲ್ಲಿ ಅವರು ದಯೆ ದಾಕ್ಷಿಣ್ಯ ನೋಡಿದವರಲ್ಲ.

"ಒಳಗೆ ಶುರುವಾಗಿದೆ. ಇನ್ನೆಂತ ಇದೆ ಮಾರಾಯ್ತಿ," ಎಂದು ಜೀಪು ಮುಟ್ಟುವುದು ಬಿಟ್ಟರು, ತೋಟಕ್ಕೆ ಹೋಗುವುದೂ ಬಿಟ್ಟರು. ಜಗಲಿಯಲ್ಲಿ ಕೂತು ತಮ್ಮನ್ನೇ ಪರೀಕ್ಷೆ ಮಾಡಿಕೊಳ್ಳುವುದೊಂದೇ ಕೆಲಸ. ಕನ್ನಡಕ ಇಟ್ಟ ಜಾಗ ಮರೆತರೆ ನನ್ನ ಮುಖ ನೋಡುತ್ತಿದ್ದರು. ಮದುವೆಯಾದಾಗಿನಿಂದ ಕನ್ನಡಕ ಮರೆಯುವ ಮನುಷ್ಯ ಎಂದು ರೇಗುತ್ತಿದ್ದೆ. ರೇಗಿದ ಮೇಲೆ ನಾನೂ ಕಳ್ಳನನ್ನು ಕಾಯುವವಳಂತೆ ಅವರ ಮಾತು, ನಡಿಗೆ ಗಮನಿಸುತ್ತಿದ್ದೆ. ಯಾವುದು ವಯಸ್ಸು, ಯಾವುದು ಕಾಯಿಲೆ, ಯಾವುದು ಇವರ ಹಳೇ ಸ್ವಭಾವ ಎಂದು ಬೇರೆ ಮಾಡಲು ಬರುತ್ತಿರಲಿಲ್ಲ. ಕಣ್ಣೆದುರೇ ಕೂತ ಮನುಷ್ಯ ಹೀಗೇ ಕಳೆದುಹೋಗುತ್ತಾರೇನೋ ಎಂದು ತುಂಬ ಹೆದರಿದ್ದೆ.

ಮಳೆ ಬಿಟ್ಟ ಮೇಲೆ ಬೋರರ್ ಹುಡುಕುವ ಕೆಲಸ ಶುರುವಾಯಿತು. ಜಗಳ ಮಾಡಿ ಅವರನ್ನು ಎಬ್ಬಿಸಿಕೊಂಡು ತೋಟಕ್ಕೆ ಹೋದೆ. ಮೇಸ್ತ್ರಿ ಒಂದು ಗಿಡದ ಕಾಂಡ ಸವರಿ ನೋಡಿ, "ಇದ್ರಲ್ಲಿ ಇದೆ ಅಯ್ಯ, ಕೀಳ್ಸದಾ?" ಎಂದ. ಗಿಡದ ತುಂಬ ಕಾಯಿ. ಯಜಮಾನರು ಉಬ್ಬುಗೆರೆಯ ಮೇಲೆ ಬೆರಳಾಡಿಸುತ್ತ ಬಹಳ ಹೊತ್ತು ನಿಂತರು.

"ಬಿಡು ಮಾರಾಯ. ಚೆನ್ನಾಗೇ ಇದೆಯಲ್ಲ," ಎಂದರು.

ಮೇಸ್ತ್ರಿ ನನ್ನ ಮುಖ ನೋಡಿದ. ಮಾರನೆಯ ದಿನ ಅವರು ತಾವಾಗಿಯೇ ಜೀಪು ಹತ್ತಿ ತೋಟಕ್ಕೆ ಹೋದರು. ನನಗೆ ಸಂತೋಷಕ್ಕೆ ಅಳು ಬಂತು. ಆದರೆ ನಾನು ಕಂಡಂತೆ ಅಂಥ ಗಿಡವನ್ನು ಅವರು ಒಂದು ದಿನವೂ ಬಿಟ್ಟವರಲ್ಲ. ಡಾಕ್ಟರ ಮಾತು ಕೊನೆಗೂ ಅರ್ಥವಾಗಿ ಬಿಟ್ಟರೋ, ಆ ಬಿಳಿ ಮಚ್ಚೆಯೇ ಬಿಡಿಸಿತೋ, ನನಗೆ ಇವತ್ತಿಗೂ ಗೊತ್ತಿಲ್ಲ.